ನೀರಲ್ಲಿ ಸೀಟಿ ಹೊಡೆದ ರಾಕೆಟ್ಟು

ಬೂಸ್ಟರ್ ಹೇಳಿದ ಹೊತ್ತಿಗೆ, ಹೇಳಿದ ಜಾಗಕ್ಕೆ ಸರಿಯಾಗಿ ಬಂದಿಳಿಯಿತು. ಅಲ್ಲಿರಬೇಕಾಗಿದ್ದ ಬಾರ್ಜ್ ಮಾತ್ರ ಇರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ರಾಕೆಟ್ಟು ಹಾರಿತ್ತು. ಉಪಗ್ರಹವನ್ನು ಮೇಲಕ್ಕೆ ತಳ್ಳಿದ ಮೇಲೆ ಅದರ ಕೆಳಭಾಗವಾದ ಬೂಸ್ಟರ್ ಕಳಚಿಕೊಂಡು, ಒಂಬತ್ತನೆಯ ನಿಮಿಷಕ್ಕೆ ವಾಪಸು ಬಂದು, ಸಮುದ್ರದಲ್ಲಿ ಕಾದಿರುವ ಬಾರ್ಜ್ ಎಂಬ ಅಗಲ ಚಪ್ಪಟೆ ದೋಣಿಯ ಮೇಲೆ ನಿಲ್ಲಬೇಕಿತ್ತು. ಅಷ್ಟರಲ್ಲಿ ಬಾರ್ಜಿನ ಮೋಟಾರು ಕೆಟ್ಟು, ಅದು ನೀರಿನ ಸೆಳೆತಕ್ಕೆ ಸಿಕ್ಕಿ ಆರುನೂರು ಮೀಟರ್ ಆಚೆ ಸರಿದುಹೋಗಿತ್ತು. ಬೂಸ್ಟರಿಗೆ ಅದನ್ನು ಹೇಳುವವರು ಯಾರು? ಅದು ಬೆಂಕಿ ಉಗುಳುತ್ತ, ವೇಗ ತಗ್ಗಿಸುತ್ತ, ನಾಲ್ಕು ಕಾಲು ಚಾಚಿ ನೀರಿನ ಮೇಲೆ ಒಂದು ಕ್ಷಣ ನೆಟ್ಟಗೆ ನಿಂತಿತು. ಆಮೇಲೆ, ಉಂಡು ನಿದ್ದೆ ಬಂದ ದೊಡ್ಡವರು ಹಾಸಿಗೆಗೆ ಒರಗಿದ ಹಾಗೆ, ನಿಧಾನವಾಗಿ ಮಗ್ಗುಲಾಯಿತು.

“ನೆಂಟರೇನೋ ಸರಿಯಾಗಿ ಬಂದ್ರು, ಮನೆಗೇ ಬೀಗ” ಎಂದರು ನಿಯಂತ್ರಣ ಕೊಠಡಿಯಲ್ಲಿ ಯಾರೋ.

ಮೂರನೆಯ ಸಾಲಿನಲ್ಲಿದ್ದ ವಾಲ್ವಕ್ಕ ಎದ್ದು ನಿಂತು ಪರದೆಯನ್ನೇ ನೋಡುತ್ತಿದ್ದಳು. ಹದಿನಾಲ್ಕು ವರ್ಷದಿಂದ ವಾಲ್ವುಗಳ ವಿಭಾಗದಲ್ಲೇ ಇದ್ದ ಎಂಜಿನಿಯರ್ ಅವಳು; ಕಚೇರಿಯಲ್ಲಿ ಅವಳ ನಿಜವಾದ ಹೆಸರನ್ನು ಸಂಬಳದ ಚೀಟಿ ಬಿಟ್ಟರೆ ಬೇರೆ ಯಾರೂ ನೆನಪಿಟ್ಟಿರಲಿಲ್ಲ.

“ಮುಳುಗಿಲ್ಲ ಸರ್! ನೋಡಿ, ತೇಲ್ತಾ ಇದೆ!”

“ತೇಲ್ತಾ ಇರೋದೇ ತೊಂದರೆ” ಎಂದರು ಮುಖ್ಯಸ್ಥರು. “ಮಧ್ಯಾಹ್ನ ಎರಡರ ಹೊತ್ತಿಗೆ ಹಡಗುಗಳ ದಾರಿಗೆ ಬಂದ್ಬಿಡುತ್ತೆ. ಬ್ಯಾಟರಿ ಸತ್ತಿದೆ, ಒಳಗೆ ಎಷ್ಟು ಒತ್ತಡ ಇದೆ ಅಂತ ತಿಳಿಯೋ ದಾರಿ ಇಲ್ಲ. ಹತ್ರ ಹೋದವರ ಮುಖದ ಮೇಲೆ ಸಿಡಿದ್ರೆ? ಕರಾವಳಿ ಕಾವಲಿನವರಿಗೆ ಹೇಳ್ತೀನಿ, ತೂತು ಹೊಡೆದು ಮುಳುಗಿಸಲಿ.”

ಅವರು ಕೆಟ್ಟ ಮನುಷ್ಯರಲ್ಲ. ಹಾಗೆ ಹೇಳುವುದು ಅವರಿಗೂ ಸುಲಭವಿರಲಿಲ್ಲ. ಮರಳಿ ಬಂದು ಇನ್ನೊಮ್ಮೆ ಹಾರಬಲ್ಲ ಅವರ ಮೊದಲನೆಯ ಬೂಸ್ಟರ್ ಅದು. ಅದು ಮುಳುಗಿದರೆ ಒಳಗೆ ಏನೇನು ಸವೆದಿದೆ, ಏನೇನು ಉಳಿದಿದೆ ಎಂಬುದೂ ಮುಳುಗಿದಂತೆಯೇ.

ಆಗ ರೇಡಿಯೋ ಗರಗರ ಎಂದಿತು.

“ಕಂಟ್ರೋಲ್, ಕೇಳಿಸ್ತಿದೆಯಾ? ನಿಮ್ಮ ಸಾಮಾನು ನಮ್ಮೆದುರಿಗೇ ಬಿದ್ದಿದೆ. ಏನ್ಮಾಡೋದು ಹೇಳಿ.”

ಆ ದನಿ ವಾಲ್ವಕ್ಕನ ಅತ್ತಿಗೆಯದು. ದೊಡ್ಡ ಹಡಗುಗಳನ್ನು ಎಳೆದು ಬಂದರಿಗೆ ತರುವ ಗಿಡ್ಡ ಗಟ್ಟಿ ದೋಣಿಗೆ ಟಗ್ಗು ಅನ್ನುತ್ತಾರಲ್ಲ, ಅಂಥದೊಂದು ಟಗ್ಗಿನ ಕ್ಯಾಪ್ಟನ್ ಆಕೆ. ಅದರ ಎಂಜಿನ್ ನೋಡಿಕೊಳ್ಳುವವನು ಆಕೆಯ ಗಂಡ, ಅಂದರೆ ವಾಲ್ವಕ್ಕನ ಅಣ್ಣ. ಮನೆಯಲ್ಲಾಗಲಿ ದೋಣಿಯಲ್ಲಾಗಲಿ ಯಾರ ಮಾತು ನಡೆಯುತ್ತದೆ ಎಂಬ ವಿಷಯದಲ್ಲಿ ಅಣ್ಣನಿಗೆ ಎಂದೂ ಗೊಂದಲವಿರಲಿಲ್ಲ. ಬೂಸ್ಟರ್ ಇಳಿಯುವ ಜಾಗಕ್ಕೆ ಮೀನುದೋಣಿಗಳು ನುಗ್ಗದ ಹಾಗೆ ಕಾಯಲು ಆವತ್ತು ಆ ಟಗ್ಗನ್ನು ನಿಲ್ಲಿಸಿದ್ದರು.

“ದೂರಾನೇ ಇರಿ” ಎಂದರು ಮುಖ್ಯಸ್ಥರು ಮೈಕಿನಲ್ಲಿ. “ಸಿಡಿಯಬಹುದು.”

“ಸಿಡಿಯೋದೇನೋ ಕಾಣಲ್ಲ. ಸೀಟಿ ಮಾತ್ರ ಹೊಡೀತಿದೆ.”

ವಾಲ್ವಕ್ಕ ಮೂರೇ ಹೆಜ್ಜೆಯಲ್ಲಿ ಮೈಕಿನ ಹತ್ತಿರ ಬಂದಳು. “ಅತ್ತಿಗೆ, ನಾನು. ಏನ್ ಹೊಡೀತಿದೆ ಅಂದ್ರಿ?”

“ಸೀಟಿ ಕಣೇ. ಕುಕ್ಕರ್ ಥರ. ಸುಂಯ್ ಅನ್ನುತ್ತೆ, ಬೆಳ್ಳಗೆ ಹಬೆ ಬಿಡುತ್ತೆ, ಸುಮ್ಮನಾಗುತ್ತೆ.”

“ಎಷ್ಟು ಹೊತ್ತಿಗೊಂದು ಸಲ?”

“ಮೊದಲು ಎರಡು ನಿಮಿಷಕ್ಕೊಂದು. ಈಗ ಐದು ನಿಮಿಷ ಆಗ್ತಿದೆ. ಅಡಿಗೆ ಮನೇಲಿ ಸೀಟಿ ಎಣಿಸಿ ರೂಢಿ ಅಲ್ವಾ, ಇಲ್ಲೂ ಎಣಿಸ್ಕೊಂಡು ಕೂತಿದೀನಿ.”

ವಾಲ್ವಕ್ಕ ತಿರುಗಿ ಮುಖ್ಯಸ್ಥರ ಕಡೆ ನೋಡಿದಳು. ಅವಳ ಮುಖ ಹಣತೆ ಹಚ್ಚಿದಂತಾಗಿತ್ತು.

“ಸರ್, ಅದು ನಮ್ಮ ಸುರಕ್ಷತಾ ವಾಲ್ವು. ಒತ್ತಡ ಮಿತಿ ದಾಟಿದಾಗೆಲ್ಲ ತಾನೇ ತೆರೆದು ಮುಚ್ಕೊಳ್ತಾ ಇದೆ. ಅದಕ್ಕೆ ಬ್ಯಾಟರಿ ಬೇಡ, ಬರೀ ಸ್ಪ್ರಿಂಗು. ಸೀಟಿ ಕಮ್ಮಿ ಆಗ್ತಿದೆ ಅಂದ್ರೆ ಒಳಗಿನ ತಣ್ಣನೆ ದ್ರವ ಅನಿಲ ಆವಿಯಾಗಿ ಹೆಚ್ಚು ಕಮ್ಮಿ ಮುಗೀತಾ ಬಂದಿದೆ. ಉಳಿದದ್ದನ್ನ ಕೈವಾಲ್ವು ತಿರುಗಿಸಿ ಬಿಟ್ಬಿಡಬಹುದು. ಕಾರ್ಖಾನೇಲಿ ದಿನಾ ಮಾಡೋ ಕೆಲಸ.”

“ಕಾರ್ಖಾನೇಲಿ ಅದು ಅಲ್ಲಾಡಲ್ಲ ಕಣಮ್ಮ. ಯಾರು ತಿರುಗಿಸ್ತಾರೆ?”

“ನಾನೇ.”

“ನಿನಗೆ ಈಜು ಬರುತ್ತಾ?”

“ಬರಲ್ಲ ಸರ್.”

ಮುಖ್ಯಸ್ಥರು ಗಡಿಯಾರ ನೋಡಿದರು, ಪರದೆ ನೋಡಿದರು, ಕೊನೆಗೆ ಅವಳನ್ನು ನೋಡಿದರು. “ಸೀಟಿ ಪೂರ್ತಿ ನಿಂತ ಮೇಲೆ ಮಾತ್ರ ಹತ್ರ ಹೋಗ್ಬೇಕು. ಎರಡು ಗಂಟೆವರೆಗೆ ಟೈಮು. ಎರಡಾಯ್ತು ಅಂದ್ರೆ ಎಲ್ಲಿದ್ದೀಯೋ ಅಲ್ಲಿಂದಲೇ ವಾಪಸ್.”

ಬಂದರಿನ ವೇಗದ ದೋಣಿಯಲ್ಲಿ ಅವಳ ಜೊತೆಗೆ ಬಂದವರು ಮೀನುಮಾವ. ಅರವತ್ತರ ಹತ್ತಿರದ ಮುಳುಗುಗಾರ. ನೆಲದ ಮೇಲೆ ಇದ್ದದ್ದಕ್ಕಿಂತ ಹಡಗುಗಳ ಅಡಿಯಲ್ಲಿ ಇದ್ದದ್ದೇ ಹೆಚ್ಚು ಎಂದು ಬಂದರಿನವರೆಲ್ಲ ಅವರನ್ನು ಹಾಗೆ ಕರೆಯುತ್ತಿದ್ದರು. ದೋಣಿ ಅಲೆಯ ಮೇಲೆ ಧಡ್ ಧಡ್ ಎಂದು ಬೀಳತೊಡಗಿದ ಐದೇ ನಿಮಿಷಕ್ಕೆ ವಾಲ್ವಕ್ಕ ಬೆಳಗಿನ ತಿಂಡಿಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದಳು. ಮೀನುಮಾವ ಅವಳ ಬೆನ್ನು ಸವರಿದರು.

“ನಾಚ್ಕೋಬೇಡ ತಾಯಿ. ಮೀನಿಗೂ ಹಸಿವು ಇರುತ್ತೆ.”

ಹತ್ತೂವರೆಗೆ ಅವರು ಟಗ್ಗಿನ ಪಕ್ಕಕ್ಕೆ ಬಂದರು. ಅತ್ತಿಗೆ ಕಬ್ಬಿಣದ ಕಟಕಟೆಗೆ ಒರಗಿ, ಎರಡೂ ಕೈ ಚಾಚಿ ನಾದಿನಿಯನ್ನು ಮೇಲಕ್ಕೆ ಎಳೆದುಕೊಂಡಳು. ಎಂಜಿನ್ ಕೋಣೆಯ ಕಿಂಡಿಯಿಂದ ಅಣ್ಣನ ಎಣ್ಣೆ ಮೆತ್ತಿದ ತಲೆ ಹೊರಬಂತು.

“ಮನೆ ನಲ್ಲಿ ಮೂರು ತಿಂಗಳಿಂದ ಸೋರ್ತಿದೆ, ಅದಕ್ಕೆ ಪುರುಸೊತ್ತಿಲ್ಲ. ಸಮುದ್ರದ ನಲ್ಲಿ ತಿರುಗಿಸೋಕೆ ಬಂದ್ಳು!”

“ನೀವು ಒಳಗೆ ಹೋಗಿ ಎಂಜಿನ್ ನೋಡ್ರಿ” ಎಂದಳು ಅತ್ತಿಗೆ. ತಲೆ ಒಳಗೆ ಹೋಯಿತು.

ವಾಲ್ವಕ್ಕ ಮೊದಲ ಸಲ ತನ್ನ ಬೂಸ್ಟರನ್ನು ನೀರಿನಲ್ಲಿ ಕಣ್ಣಾರೆ ನೋಡಿದಳು. ಕಾರ್ಖಾನೆಯಲ್ಲಿ ಏಣಿ ಹತ್ತಿ ಕತ್ತೆತ್ತಿ ನೋಡಬೇಕಾಗಿದ್ದ ನಲವತ್ತು ಮೀಟರಿನ ಬಿಳಿ ಕಂಬ ಈಗ ಅವಳ ಕಾಲಿನ ಮಟ್ಟದಲ್ಲಿ ಮಲಗಿತ್ತು. ಎಂಜಿನುಗಳ ಭಾರಕ್ಕೆ ಒಂದು ತುದಿ ನೀರಿಗೆ ಇಳಿದು, ಖಾಲಿ ಟ್ಯಾಂಕಿನ ತುದಿ ಮೇಲೆದ್ದಿತ್ತು. ಮೈಯೆಲ್ಲ ಮಸಿ. ಒಂದು ಕಡೆ ಮಂಜಿನ ಪದರು ಬಿಸಿಲಿಗೆ ಕರಗಿ ಜಾರುತ್ತಿತ್ತು. ನೋಡಿದರೆ ನಗುವೂ ಬಂತು, ಕಣ್ಣೂ ತುಂಬಿತು.

ಸೀಟಿ ಹನ್ನೊಂದೂಕಾಲಿಗೆ ಕೊನೆಯ ಸಲ ಕೇಳಿತು. ಇನ್ನೂ ಅರ್ಧ ಗಂಟೆ ಕಾದರು. ಮತ್ತೆ ಕೇಳಲಿಲ್ಲ.

ರಬ್ಬರ್ ದೋಣಿಯಲ್ಲಿ ಅವಳೂ ಮೀನುಮಾವನೂ ಹತ್ತಿರ ಹೋದರು. ವಾಲ್ವಿನ ಮುಚ್ಚಳ ನೀರಿನ ಅಂಚಿನಲ್ಲೇ ಸಿಕ್ಕಿತು: ಅಲೆ ಬಂದಾಗ ಮುಳುಗುತ್ತಿತ್ತು, ಅಲೆ ಇಳಿದಾಗ ಏಳುತ್ತಿತ್ತು. ವಾಲ್ವಕ್ಕ ದೋಣಿಯ ಅಂಚಿನ ಮೇಲೆ ಬೋರಲಾಗಿ ಮಲಗಿದಳು. ಮೀನುಮಾವ ನೀರಿಗಿಳಿದು ಒಂದು ಕೈಯಲ್ಲಿ ದೋಣಿಯನ್ನೂ ಇನ್ನೊಂದರಲ್ಲಿ ಅವಳ ಜೀವರಕ್ಷಕ ಜಾಕೆಟ್ಟಿನ ಪಟ್ಟಿಯನ್ನೂ ಹಿಡಿದರು. ನಾಲ್ಕು ಸ್ಕ್ರೂ. ಮೊದಲನೆಯದು ಬಂತು, ಎರಡನೆಯದು ಕೈಜಾರಿ ಸಮುದ್ರದ ಪಾಲಾಯಿತು, ಉಳಿದೆರಡನ್ನು ತೆಗೆಯುವಷ್ಟರಲ್ಲಿ ಅವಳು ಆರು ಸಲ ಉಪ್ಪುನೀರು ಕುಡಿದಿದ್ದಳು. ಒಳಗಿನ ಹಿಡಿಗೆ ಸ್ಪ್ಯಾನರ್ ಹಾಕಿ ಎಳೆದಳು. ಜಪ್ಪಯ್ಯ ಅಂದರೂ ತಿರುಗಲಿಲ್ಲ.

“ನಿನ್ನ ಬಲದಿಂದ ಆಗಲ್ಲ ತಾಯಿ” ಎಂದರು ಮೀನುಮಾವ. “ಅಲೆಗೆ ಬಿಡು. ಸ್ಪ್ಯಾನರ್ ಗಟ್ಟಿ ಹಿಡ್ಕೋ, ಅಷ್ಟೇ. ದೋಣಿ ಇಳಿಯೋವಾಗ ಅದೇ ಎಳಿಯುತ್ತೆ.”

ಅವಳು ಹಲ್ಲು ಕಚ್ಚಿ ಹಿಡಿದಳು. ಮುಂದಿನ ಅಲೆ ದೋಣಿಯನ್ನು ಮೇಲೆತ್ತಿ ಕೆಳಗಿಳಿಸಿತು. ಅವಳ ಇಡೀ ಮೈಭಾರ ಸ್ಪ್ಯಾನರಿನ ಮೇಲೆ ಬಿದ್ದು, ಹಿಡಿ ಕಟಕ್ ಎಂದು ತಿರುಗಿತು.

ಭುಸ್ಸೆಂದು ಬಿಳಿ ಹಬೆ ಅವಳ ತಲೆಯ ಮೇಲಿಂದ ಹಾದು ಆಕಾಶಕ್ಕೆ ಹೋಯಿತು. ಒಂದು ನಿಮಿಷ, ಎರಡು ನಿಮಿಷ. ಸದ್ದು ಸಣ್ಣಗಾಗಿ, ಉಸಿರಿನಷ್ಟಾಗಿ, ನಿಂತೇಹೋಯಿತು. ವಾಲ್ವಕ್ಕ ಹಾಗೇ ಮಲಗಿಕೊಂಡು ಬೂಸ್ಟರಿನ ಮೈಮೇಲೆ ಅಂಗೈ ಇಟ್ಟಳು, ಜ್ವರ ಬಿಟ್ಟಿದೆಯೇ ಎಂದು ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

“ಕಂಟ್ರೋಲ್” ಎಂದು ಅತ್ತಿಗೆ ರೇಡಿಯೋದಲ್ಲಿ ಕೂಗಿದಳು, “ನಮ್ಮ ಹುಡುಗಿ ಗ್ಯಾಸ್ ಆಫ್ ಮಾಡಿದ್ಲು!” ಆ ಕಡೆಯಿಂದ ಬಂದ ಚಪ್ಪಾಳೆಗೆ ರೇಡಿಯೋವೇ ಕಿರ್ರೆಂದಿತು.

ಗಂಟೆ ಹನ್ನೆರಡು ದಾಟಿತ್ತು. ಹಡಗುಗಳ ದಾರಿಗೆ ಸೇರುವ ಮೊದಲು ಎಳೆಯಬೇಕು. ಮೀನುಮಾವ ಮೇಲೆದ್ದಿದ್ದ ತುದಿಗೆ ಅಗಲ ಪಟ್ಟಿ ಸುತ್ತಿದರು, ಟಗ್ಗು ಎಳೆಯಿತು. ಬೂಸ್ಟರ್ ಹಿಂದೆ ಬರುವ ಬದಲು ಅಡ್ಡಡ್ಡ ತಿರುಗಿ ಹಟ ಹಿಡಿಯಿತು. ಹಗ್ಗ ಬಿಗಿದು ತಂಬೂರಿಯಂತೆ ಝೇಂಕರಿಸಿತು. ಅತ್ತಿಗೆ ತಕ್ಷಣ ಎಂಜಿನ್ ತಗ್ಗಿಸಿದಳು.

“ಎಮ್ಮೆ ಬಾಲ ಹಿಡಿದು ಎಳೆದ್ರೆ ಬರುತ್ತಾ? ಇದಕ್ಕೆ ಮೂಗುದಾರ ಹಾಕೋ ಜಾಗ ಎಲ್ಲಿದೆ ತೋರಿಸು.”

ವಾಲ್ವಕ್ಕ ಕಾಗದದ ಮೇಲೆ ಬೂಸ್ಟರ್ ಬರೆದು ತೋರಿಸಿದಳು. ಎಂಜಿನಿನ ತುದಿಯಲ್ಲಿ ಕಾಲುಗಳು ಮೈಗೆ ಸೇರುವ ನಾಲ್ಕು ಗಟ್ಟಿ ಗಂಟುಗಳಿದ್ದವು. ಇಡೀ ಭಾರ ಹೊರಲೆಂದೇ ಮಾಡಿದ್ದು. “ಆದ್ರೆ ಅದು ನೀರೊಳಗಿದೆ ಅತ್ತಿಗೆ.”

“ಮೀನುಮಾವ ಇರೋದ್ಯಾಕೆ?”

ಮೀನುಮಾವ ಮೂರು ಸಲ ಮುಳುಗಿ ಎದ್ದರು. ಮೂರನೆಯ ಸಲ ಎದ್ದಾಗ ಹೆಬ್ಬೆರಳು ಎತ್ತಿ ತೋರಿಸಿದರು. ಅತ್ತಿಗೆ ಹಗ್ಗವನ್ನು ಇನ್ನೂರು ಮೀಟರ್ ಉದ್ದ ಬಿಟ್ಟು, ಬಿಸಿ ಹಾಲಿನ ಪಾತ್ರೆ ಹಿಡಿದು ನಡೆಯುವವಳಂತೆ ಮೆಲ್ಲಗೆ ಹೊರಟಳು. ಬೂಸ್ಟರ್ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೊನೆದು, ಆಮೇಲೆ ಸಂಪನ್ನನಂತೆ ಹಿಂದೆ ಬಂತು. ಎರಡಕ್ಕೆ ಹತ್ತು ನಿಮಿಷ ಇರುವಾಗ ಅದರ ಮೂತಿ ದಡದ ಕಡೆ ತಿರುಗಿತ್ತು.

ದಡಕ್ಕೆ ಹನ್ನೆರಡು ಕಿಲೋಮೀಟರ್. ಮನುಷ್ಯರು ನಡೆಯುವ ವೇಗ. ಅಣ್ಣ ಕೆಳಗಿನಿಂದ ಬ್ರೆಡ್ಡೂ ಬೇಯಿಸಿದ ಮೊಟ್ಟೆಯೂ ತಂದುಕೊಟ್ಟ. ವಾಲ್ವಕ್ಕ ಆರು ಮೊಟ್ಟೆ ತಿಂದಳು. ಸಮುದ್ರ ಅವಳ ಹೊಟ್ಟೆಯ ತಂಟೆಗೆ ಮತ್ತೆ ಬರಲಿಲ್ಲ. ದಾರಿಯಲ್ಲಿ ಸಿಕ್ಕ ಮೀನುದೋಣಿಗಳು ಒಂದೊಂದಾಗಿ ಪಕ್ಕಕ್ಕೆ ಸೇರಿಕೊಂಡು ಜೊತೆಗೇ ಬರತೊಡಗಿದವು. “ಎಷ್ಟು ಉದ್ದದ ಮೀನಮ್ಮ ಅದು?” ಎಂದು ಒಬ್ಬ ಕೂಗಿದ. “ಮುಳ್ಳು ಬಹಳ ಇದೆ, ನಿನಗೆ ಸೇರಲ್ಲ!” ಎಂದಳು ಅತ್ತಿಗೆ.

ಬಂದರಿನ ಬಾಯಿಗೆ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಕಟ್ಟೆಯ ಉದ್ದಕ್ಕೂ ಜನ. ಕಾರ್ಖಾನೆಯ ವೆಲ್ಡರುಗಳು, ಗುಮಾಸ್ತರು, ಕ್ಯಾಂಟೀನಿನವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಎರಡು ಕ್ರೇನುಗಳು ಸೇರಿ ಬೂಸ್ಟರನ್ನು ಎತ್ತಿದಾಗ ಎಂಜಿನುಗಳ ಬಾಯಿಂದ ನೀರು ಧೋ ಎಂದು ಸುರಿಯಿತು. ನೀರಿನ ಜೊತೆ ಬೆಳ್ಳಿಯಂಥ ಪುಟ್ಟ ಮೀನುಗಳೂ ಬಿದ್ದವು. ಮಕ್ಕಳು ಕಿರುಚಿ ಓಡಿಬಂದು ಅವುಗಳನ್ನು ಬೊಗಸೆಯಲ್ಲಿ ಹಿಡಿದು ಮತ್ತೆ ನೀರಿಗೆ ಬಿಟ್ಟರು. ಮುಖ್ಯಸ್ಥರು ಜನರ ನಡುವೆ ದಾರಿ ಮಾಡಿಕೊಂಡು ಬಂದು, ತೊಯ್ದು ಉಪ್ಪುಗಟ್ಟಿ ನಿಂತಿದ್ದ ವಾಲ್ವಕ್ಕನ ಕೈಗೆ ತಮ್ಮ ಕರವಸ್ತ್ರ ಕೊಟ್ಟರು.

“ಮುಳುಗಿಸಿ ಅಂದಿದ್ದೆ ನಾನು.”

“ಸೀಟಿ ನಿಲ್ಲೋವರೆಗೆ ಕಾಯಿ ಅಂದಿದ್ದೂ ನೀವೇ ಸರ್.”

ಅವರು ನಕ್ಕುಬಿಟ್ಟರು. ಆಮೇಲೆ ಅತ್ತಿಗೆಯ ಕಡೆ ತಿರುಗಿ ಎರಡೂ ಕೈಯಿಂದ ಆಕೆಯ ಕೈ ಕುಲುಕಿದರು.

ಮೂರು ದಿನ ಬೂಸ್ಟರನ್ನು ಸಿಹಿನೀರಿನಲ್ಲಿ ತೊಳೆದರು. ಆರು ವಾರ ಬಿಚ್ಚಿ, ಒರೆಸಿ, ಒಣಗಿಸಿ, ಜೋಡಿಸಿದರು. ಇಡೀ ಬೂಸ್ಟರ್ ಇನ್ನೊಮ್ಮೆ ಹಾರುವ ಸ್ಥಿತಿಯಲ್ಲಿರಲಿಲ್ಲ. ಕಾಲುಗಳು ತಿರುಚಿದ್ದವು, ಮೈಯ ಒಂದೆಡೆ ಬಿರುಕಿತ್ತು. ಆದರೆ ಐದು ಎಂಜಿನುಗಳಲ್ಲಿ ಮೂರು ಚೆನ್ನಾಗಿವೆ ಎಂದು ಪರೀಕ್ಷಕರು ಬರೆದುಕೊಟ್ಟರು.

ಮೊದಲನೆಯದನ್ನು ಹೊತ್ತಿಸಿ ನೋಡುವ ದಿನ ವಾಲ್ವಕ್ಕ ಅತ್ತಿಗೆಯನ್ನೂ ಅಣ್ಣನನ್ನೂ ಮೀನುಮಾವನನ್ನೂ ಕರೆದುಕೊಂಡು ಹೋದಳು. ಬಯಲಿನಾಚೆ, ಕಾಂಕ್ರೀಟಿನ ಗೋಡೆಯ ಹಿಂದೆ, ದಪ್ಪ ಗಾಜಿನ ಕಿಟಕಿಯ ಮುಂದೆ ನಾಲ್ವರೂ ಸಾಲಾಗಿ ನಿಂತರು. ಎಣಿಕೆ ಮುಗಿಯಿತು. ಅರ್ಧ ಕ್ಷಣ ಏನೂ ಇಲ್ಲ. ವಾಲ್ವಕ್ಕ ಅತ್ತಿಗೆಯ ಮೊಣಕೈ ಹಿಡಿದುಕೊಂಡಳು. ಆಮೇಲೆ ಎಂಜಿನ್ ಹೊತ್ತಿಕೊಂಡು ಗುಡುಗಿತು. ನೆಲ ನಡುಗಿತು, ಗಾಜು ನಡುಗಿತು, ಕಿತ್ತಳೆ ಬಣ್ಣದ ಬೆಂಕಿ ನೆಟ್ಟಗೆ, ಒಂದಿಷ್ಟೂ ಕದಲದೆ ಉರಿಯಿತು.

ಇಪ್ಪತ್ತು ಸೆಕೆಂಡು ಉರಿದು ಆರಿದಾಗ ಅತ್ತಿಗೆ ಕಿವಿ ಮುಚ್ಚಿದ್ದ ಕೈ ತೆಗೆದಳು.

“ಇದನ್ನಾ ನಾನು ಹಗ್ಗ ಕಟ್ಟಿ ಎಳೆದಿದ್ದು?” ಎಂದಳು. ಆಕೆಯ ದನಿ ಸಣ್ಣ ಹುಡುಗಿಯ ದನಿಯಂತಿತ್ತು.

“ಇದನ್ನೇ ಅತ್ತಿಗೆ.”

“ಇನ್ನೊಂದು ಸಲ ಹೊತ್ತಿಸೋಕೆ ಹೇಳೇ” ಎಂದು ಅತ್ತಿಗೆ ಗಾಜಿಗೆ ಮೂಗು ಒತ್ತಿಕೊಂಡು ನಿಂತಳು.