ಬುಡದ ಕೊಂಬೆ

"ಇದನ್ನ ಇನ್ನು ಯಾರು ಕತ್ತರಿಸಬೇಕು?"

ಮಾವ ಕೇಳಿದ್ದು ಯಾರನ್ನೂ ಅಲ್ಲ. ಬಾಲ್ಕನಿಯಲ್ಲಿ ಅವರನ್ನೂ, ಕಲ್ಲಿನ ತಟ್ಟೆಯಲ್ಲಿ ಬೇರೂರಿದ ಎರಡು ಮೊಳದ ಬೋನ್ಸಾಯ್ ಆಲವನ್ನೂ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಒಳಗೆ ಹೊಲಿಯುತ್ತಿದ್ದ ಸೊಸೆ ಮಿಷಿನ್ ನಿಲ್ಲಿಸಿದಳು.

ಬುಡ ದಪ್ಪವಾಗಲೆಂದು ಕೆಳಗಿನ ಒಂದು ಕೊಂಬೆಯನ್ನು ಮಾವ ಆರು ವರ್ಷದಿಂದ ಕತ್ತರಿ ಸೋಕಿಸದೆ ಬೆಳೆಯಬಿಟ್ಟಿದ್ದರು. ಬುಡ ತುಂಬಿದ ಮೇಲೆ ಅಂಥ ಕೊಂಬೆಯನ್ನು ತೆಗೆಯಲೇಬೇಕು. ಬುಡವೇನೋ ತುಂಬಿತ್ತು, ಕೈ ಮಾತು ಕೇಳುತ್ತಿರಲಿಲ್ಲ. ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದು ಗಡಿಯಾರ ರಿಪೇರಿ ಮಾಡಿದ ಬೆರಳುಗಳು ಈಗ ಲೋಟದ ನೀರನ್ನೂ ತುಳುಕಿಸುತ್ತಿದ್ದವು. ಅದಕ್ಕೇ ಮರವನ್ನು ನರ್ಸರಿಯವನಿಗೆ ಕೊಡುವುದಾಗಿ ಮಾವ ಮಾತು ಕೊಟ್ಟಿದ್ದರು. ಅವನು ಸಂಜೆ ಬರುವವನಿದ್ದ. ಮಾತು ಕೊಟ್ಟಂದಿನಿಂದ ಅವರು ಮನೆಯಲ್ಲಿದ್ದೂ ಇಲ್ಲದಂತಿದ್ದರು. ಅದೇ ಅವಳ ಕೊರಗು.

ಬಾಲ್ಕನಿಗೆ ಬಂದು, ತಾನು ಕತ್ತರಿಸಲೇ ಎಂದಳು. ಇಷ್ಟು ವರ್ಷ ನೀರು ಅವಳ ಪಾಲು, ಕತ್ತರಿ ಅವರ ಪಾಲು. ಇದು ಬಟ್ಟೆಯಲ್ಲ ಎಂದು ಅವರು ಗೊಣಗಿದರು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ನೀವು ಮರಕ್ಕೇ ತಂತಿ ಸುತ್ತಿ ಬಗ್ಗಿಸಿದ್ರಿ. ನಿಮ್ಮನ್ನ ಬಗ್ಗಿಸೋಕೆ ಎಷ್ಟು ಗಜ ತಂತಿ ಬೇಕು ಹೇಳಿ ಮಾವ, ತರಿಸ್ತೀನಿ."

ಅವರ ತುಟಿಯಂಚು ಅಲುಗಿತು. ಕತ್ತರಿ ಅವಳ ಕೈಗೆ ಬಂತು.

ಕಾಂಡಕ್ಕೆ ಒತ್ತಿ, ತುಸು ಒಳಗೇ ಹೋಗುವಂತೆ ಕತ್ತರಿಸಿದರೆ ಗಾಯ ಮಾಯುತ್ತದೆಂದು ಹೇಳಿಕೊಟ್ಟರು. ಅವಳು ಉಸಿರು ಬಿಗಿಹಿಡಿದು ಅದುಮಿದಳು. ಕೊಂಬೆ ಬಿತ್ತು, ಬಿಳಿಯ ಹಾಲು ಒಸರಿತು. ನೋಡಿದರೆ ಅರ್ಧ ಇಂಚು ಮೋಟು ಹಾಗೇ ನಿಂತಿದೆ! ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಕೈ, ಹೊಲಿಗೆಗೆಂದು ಅಂಚು ಬಿಟ್ಟೇ ಕತ್ತರಿಸಿತ್ತು.

ಅವಳ ಮುಖ ಇಳಿದುಹೋಯಿತು. ಮಾವ ಬೈಯಲೆಂದು ಬಾಯಿ ತೆರೆದವರು ಬಗ್ಗಿ ಆ ಮೋಟನ್ನು ಸವರಿದರು. ಗಾಯದ ಮೇಲೆ ಗಾಯ ಬೇಡ, ಅದು ತಾನಾಗಿ ಒಣಗಲಿ. ಅಲ್ಲಿಂದ ಚಿಗುರೊಡೆದರೆ ಆಗಾಗಲೇ ಹೆಬ್ಬೆರಳಿಂದ ಉಜ್ಜಿ ತೆಗೆಯಬೇಕು, ಬರುವ ವರ್ಷ ಸರಿಯಾಗಿ ಕತ್ತರಿಸಬೇಕು, ಅಲ್ಲಿವರೆಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು ಎಂದು ಒಂದೇ ಉಸಿರಿಗೆ ಹೇಳಿದರು. ಎಷ್ಟೋ ದಿನದ ಮೇಲೆ ಆ ದನಿಗೆ ಜೀವ ಬಂದಿತ್ತು. ಹೇಳುತ್ತ ಹೇಳುತ್ತ ಸಂಜೆ ಬರುವವನ ನೆನಪಾಗಿ ಮೋಟಿನಿಂದ ಕೈ ಹಿಂದೆಗೆದರು.

ನರ್ಸರಿಯವನು ಹೇಳಿದ ಹೊತ್ತಿಗೇ ಬಂದ. ಮೋಟು ನೋಡಿ ನಕ್ಕು, ತನ್ನಲ್ಲಿ ಸರಿಮಾಡಿಕೊಳ್ಳುವೆನೆಂದ. ಮಾವ ಆಗಲೆಂದು ತಲೆಯಾಡಿಸಿ ಗೋಡೆಯತ್ತ ತಿರುಗಿದರು. ಇಬ್ಬರಿಲ್ಲದೆ ಅಲುಗದ ತಟ್ಟೆ ಅದು. ಅವನು ಒಂದು ಬದಿಗೆ ಕುಕ್ಕರಗಾಲಲ್ಲಿ ಕೂತು, ಅವಳತ್ತ ನೋಡಿದ.

"ಆ ಕಡೆ ಸ್ವಲ್ಪ ಹಿಡೀರಿ ಅಕ್ಕ."

ಅವಳು ಕೈಕಟ್ಟಿ ನಿಂತಳು.

"ಮಾತು ಕೊಟ್ಟಿದ್ದು ಮಾವ, ನಾನಲ್ಲ. ನಾನು ಹಿಡಿಯಲ್ಲ."