ಸಂಡಾಸದ ಕೀಲಿಕೈ

ಹೆಂಗಸರ ಸಂಡಾಸದ ಬಾಗಿಲಿಗೆ ರಿಮೋಟ್ ಬೀಗ ಹಾಕಿದರು. ರಿಮೋಟು ಸೂಪರ್‌ವೈಸರ್ ಮುರುಗೆಪ್ಪನ ಕಿಸೆ ಸೇರಿತು.

ಪುಣೆ ಹತ್ತಿರದ ಭೋಸರಿಯ ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದೇ ಅದು. ಕಾರಿನ ಬಾಗಿಲು ತೆಗೆಯುವ, ಮುಷ್ಟಿ ಕಟ್ಟಿದರೆ ಕಾಣಿಸದಷ್ಟು ಸಣ್ಣ ರಿಮೋಟು. ಖರಾಡಿಯ ಡಿಸೈನ್ ಆಫೀಸಿನವರು ಈ ವರ್ಷ ಅದನ್ನು ಇನ್ನೂ ಸಣ್ಣದು ಮಾಡಿದ್ದರು. ಹೊಸ ಮಾಲು ದಿನವಿಡೀ ಒತ್ತಿಸಿಕೊಂಡು ತಾಳುತ್ತದೋ ಇಲ್ಲವೋ ಪರೀಕ್ಷೆಯಾಗಬೇಕಿತ್ತು. ಪರೀಕ್ಷೆಗೆ ಮತ್ತೆ ಮತ್ತೆ ತೆಗೆದು ಮುಚ್ಚುವ ಒಂದು ಬಾಗಿಲು ಬೇಕಿತ್ತು. ಹುಡುಕಿದರು, ಸಿಕ್ಕಿತು. ಆ ಬೀಗಕ್ಕೆ ಅದೊಂದೇ ರಿಮೋಟು ಜೋಡಿ. ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ರಾಶಿ ರಾಶಿ ರಿಮೋಟು ಮಾಡಿ ಪೆಟ್ಟಿಗೆಗೆ ತುಂಬುತ್ತಿದ್ದರು, ಅದರಲ್ಲಿ ಒಂದಕ್ಕೂ ಅವರ ಸಂಡಾಸದ ಬಾಗಿಲು ತೆರೆಯುತ್ತಿರಲಿಲ್ಲ.

ಹೋಗಬೇಕೆಂದರೆ ಮುರುಗೆಪ್ಪನ ಕುರ್ಚಿಯ ಮುಂದೆ ಬಂದು ನಿಲ್ಲಬೇಕು.

"ಮತ್ತ ಬಂದ್ಯಾ ಭೀಮಿ? ಮುಂಜಾನಿ ಹೋಗಿದ್ದೆಲ್ಲ?"

"ಹೋಗಬೇಕಾಗೇದ್ರಿ ಯಪ್ಪಾ," ಎಂದಳು ಭೀಮವ್ವ, ನೆಲ ನೋಡುತ್ತ.

"ಒಂದಕ್ಕೋ, ಎರಡಕ್ಕೋ?"

"ಒಂದಕ್ರಿ."

"ಹೊಟ್ಟ್ಯಾಗ ಬೋರ್ ಹೊಡಸೀಯೇನ?"

ಪ್ಯಾಕಿಂಗ್ ಗಂಡಸರು ಹಲ್ಲು ಕಿಸಿದರು. ಮುರುಗೆಪ್ಪ ಕುರ್ಚಿಯಿಂದ ಏಳದೆಯೇ ಗುಂಡಿ ಒತ್ತಿದ. ಆಚೆ ಬಾಗಿಲು ಟಿಕ್ ಎಂದಿತು.

ಒಳಗೆ ಹೋದ ಮೇಲೂ ನಿರಾಳವಿರಲಿಲ್ಲ. ತುಂಬಿದ ಪಾರ್ಕಿಂಗಿನಲ್ಲಿ ಕಾರು ಎಲ್ಲಿದೆಯೆಂದು ಹುಡುಕಲು ರಿಮೋಟಿಗೆ ಒಂದು ಹಾರ್ನ್ ಗುಂಡಿ ಇರುತ್ತದೆ. ಪರೀಕ್ಷೆಯೆಂದ ಮೇಲೆ ಅದೂ ಆಗಬೇಕಲ್ಲ. ಬಾಗಿಲ ನೆತ್ತಿಗೆ ಕಾರಿನ ಹಾರ್ನ್ ಕೂಡಿಸಿದ್ದರು. ಒಳಗೆ ಹೋದವಳು ತುಸು ತಡಮಾಡಿದರೆ ಮುರುಗೆಪ್ಪ ಅದನ್ನು ಒತ್ತುತ್ತಿದ್ದ. ಇಡೀ ಶೆಡ್ಡಿಗೆ ಪ್ಯಾಂ ಪ್ಯಾಂ ಎಂದು ಕೇಳುತ್ತಿತ್ತು. ಭೀಮವ್ವ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಾಗ ಯಾವನೋ, "ಗಾಡಿ ಸಾಪಡಲಿ ರೇ!" ಎಂದು ಚಪ್ಪಾಳೆ ತಟ್ಟಿದ. ಕಳೆದ ಗಾಡಿ ಸಿಕ್ಕಿತಂತೆ.

ಮುರುಗೆಪ್ಪನೂ ಭೀಮವ್ವನ ಹಾಗೆ ವಿಜಾಪುರದ ಇಂಡಿ ಕಡೆಯವನೇ. ಭೀಮವ್ವನಂಥವರನ್ನು ಕೇರಿಯಿಂದ ಇಲ್ಲಿಗೆ ಕರೆತಂದವನೂ ಅವನೇ. ಕೆಲಸದ ಕೈಗವಸಾಗಲಿ, ಗುರುತಿನ ಕಾರ್ಡಾಗಲಿ, ಅವರ ಕೈಗೆ ಕೊಟ್ಟವನಲ್ಲ. ಮೇಜಿನ ತುದಿಗೆ ಇಡುತ್ತಿದ್ದ, ಅವರು ಎತ್ತಿಕೊಳ್ಳುತ್ತಿದ್ದರು. ಪುಣೆಗೆ ಬಂದು ತಲೆ ನರೆತರೂ ಅವನ ಕೈ ಊರನ್ನು ಮರೆತಿರಲಿಲ್ಲ.

ಭೀಮವ್ವನ ಪಕ್ಕದಲ್ಲಿ ಕೂತು ರಿಮೋಟಿನ ಮುಚ್ಚಳ ಕೂಡಿಸುವ ರೇಣು ಬಸುರಿ. ಅವಳು ಬಾಟಲಿ ತರುವುದನ್ನೇ ಬಿಟ್ಟಿದ್ದಳು.

"ನೀರ ಕುಡದ್ರ ಅವನ ಮುಂದ ಹೋಗಿ ನಿಂದರಬೇಕಲ್ಲ ಚಿಗವ್ವಾ."

"ದವಾಖಾನ್ಯಾಗ ಏನಂದ್ರು?"

"ಉರಿಮೂತ್ರ ಆಗ್ಯಾದ, ನೀರ ಕುಡೀಲಿಲ್ಲಂದ್ರ ಕೂಸಿಗಿ ಧೋಕಾ ಅಂದ್ರು."

ಭೀಮವ್ವ ಎದ್ದು ಹೋಗಿ ಮುರುಗೆಪ್ಪನಿಗೆ ಹೇಳಿದಳು. "ಯಪ್ಪಾ, ಅಕೀ ಬಸರದಾಳ್ರಿ. ಅಕೀಗರೆ ಬಾಗಲಾ ತಗದಿಡ್ರಿ."

"ನಾ ಮಾಡೀನೇನ ಅಕೀನ ಬಸರಾ? ಹೋಗ್, ಲೈನಿಗಿ ಕೂಡ್."

ಮರುದಿನ ಮಧ್ಯಾಹ್ನ ರೇಣು ತಾನೇ ಹೋಗಿ ಕುರ್ಚಿಯ ಮುಂದೆ ನಿಂತಳು. ಮುರುಗೆಪ್ಪ ಫೋನಿನಲ್ಲಿದ್ದ. ತಾಳು ಎಂದು ಅಂಗೈ ತೋರಿಸಿದ. ಮಗನ ಕಾಲೇಜಿನ ಮಾತು, ತಂಗಿಯ ಊರಿನ ಮಾತು, ನಗು. ರೇಣು ಕಾಲಿಗೆ ಕಾಲು ಹೆಣೆದು ನಿಂತಳು. ಆಮೇಲೆ ಹೆಣೆದ ಕಾಲು ಸಡಿಲಿತು. ಸಲ್ವಾರ್ ತೋಯ್ದು ನೆಲಕ್ಕೆ ಹರಿಯಿತು.

"ಥೂ, ನಿಮ್ಮೌನ! ಕಾರ್ಖಾನಿ ಏನ ಹಂದಿ ಗೂಡೇನ ಇದು? ಏ ಭೀಮೀ, ಬಾ ಇಲ್ಲಿ. ಒರಸು."

"ಝಾಡೂದಾಂವ ಅದಾನಲ್ರಿ..."

"ನಿಮ್ಮ ಮಂದಿಗೇನ ಹೊಸಾದೇನ ಇದು? ಒರಸಂದ್ರ ಒರಸು."

ಭೀಮವ್ವ ಒರೆಸಿದಳು. ರಿಮೋಟಿನ ಬೋರ್ಡು ಒರೆಸುವ ಬಿಳಿ ಬಟ್ಟೆಯಿಂದ ಮೊದಲು ನೆಲ, ಆಮೇಲೆ ರೇಣುವಿನ ಪಾದ. ಸಂಜೆ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಆ ವಾರವೇ ಕಾರು ಕಂಪನಿಯವರು ತಪಾಸಣೆಗೆ ಬರುವುದಿತ್ತು. ಬೆಳಿಗ್ಗೆ ಮುರುಗೆಪ್ಪ ರಿಮೋಟನ್ನು ತಂದು ಭೀಮವ್ವನ ಮೇಜಿನ ತುದಿಗೆ ಇಟ್ಟ.

"ತಗೊ. ಇವತ್ತಿನ ಮಟ್ಟಿಗಿ ನಿನ್ನ ಹಂತ್ಯಾಕ ಇರಲಿ. ಕೇಳಿದ್ರ ಏನಂತಿ? ಕೀಲಿಕೈ ನಮ್ಮ ಹೆಣಮಕ್ಕಳ ಕೈಯಾಗೇ ಇರ್ತದ, ನಮ್ಮ ಚಲೋದಕ್ಕ ಹಾಕ್ಯಾರ ಅನ್ನು. ಅವ್ರ ಹೋದ ಕೂಡ್ಲೆ ಹೊಳ್ಳಿ ಇಲ್ಲೇ ಇಡು."

ಬಂದವರ ಜೊತೆ ಖರಾಡಿಯಿಂದ ಇಂಪನಾ ಎಂಬ ಎಂಜಿನಿಯರ್ ಹುಡುಗಿ ಬಂದಿದ್ದಳು, ಬೆಂಗಳೂರಿನವಳು. ಕನ್ನಡ ಕಿವಿಗೆ ಬಿದ್ದದ್ದೇ ಹಿಗ್ಗಿಬಿಟ್ಟಳು.

"ಅಯ್ಯೋ ಆಂಟಿ, ನೀವೂ ಕನ್ನಡದವ್ರಾ? ಈ ರಿಮೋಟ್ ಡಿಸೈನ್ ಮಾಡಿದ್ದು ನಮ್ ಟೀಮೇ. ಕೈಯಲ್ಲಿ ಹಿಡಿದ್ರೆ ಕಂಫರ್ಟಬಲ್ ಆಗಿದ್ಯಾ?"

"ನಮ್ಮ ಕೈಯಾಗ ಇವತ್ತ ಬಂದದ್ರಿ ಬಾಯಾರ."

ಹಿಂದೆ ನಿಂತಿದ್ದ ಮುರುಗೆಪ್ಪ ಕೆಮ್ಮಿದ. ಇಂಪನಾ ನಕ್ಕಳು. "ಸೋ ಸ್ವೀಟ್! ಮತ್ತೆ ಆ ಹಾರ್ನ್ ಬಟನ್? ಯೂಸ್ ಆಗತ್ತಾ?"

"ಭಾಳ ಆಗ್ತದ್ರಿ."

ಇಂಪನಾ ಅದನ್ನು ಫೋನಿನಲ್ಲಿ ಬರೆದುಕೊಂಡಳು. ಬಂದವರಲ್ಲೊಬ್ಬ ರಿಮೋಟು ಹಿಡಿದ ಭೀಮವ್ವನ ಕೈಯ ಫೋಟೋ ತೆಗೆದ. ಮುಖ ಬೇಡ, ಕೈ ಸಾಕು ಎಂದ.

ಅವರ ಕಾರುಗಳು ಗೇಟು ದಾಟಿದವು. ಮುರುಗೆಪ್ಪ ಬಂದು ಮೇಜಿನ ತುದಿಯನ್ನು ಬೆರಳಿನಿಂದ ಕುಟ್ಟಿದ.

"ಇಡು."

ಭೀಮವ್ವ ಅವನ ಕಡೆ ನೋಡಲಿಲ್ಲ. ತನ್ನ ನೀರಿನ ಬಾಟಲಿಯನ್ನು ರೇಣುವಿನ ಮುಂದೆ ಸರಿಸಿದಳು. ರೇಣು ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಬಾಟಲಿ ಎತ್ತಿ ಗಟಗಟ ಕುಡಿದು ಎದ್ದಳು. ಭೀಮವ್ವ ಗುಂಡಿ ಒತ್ತಿದಳು. ಟಿಕ್. ರೇಣು ಯಾರ ಮುಂದೆಯೂ ನಿಲ್ಲದೆ ನೆಟ್ಟಗೆ ಒಳಗೆ ಹೋದಳು.

"ಇಡಂದ್ನೆಲ್ಲ?"

"ಇಡಂಗಿಲ್ರಿ."

ಲೈನಿನ ಕೈಗಳೆಲ್ಲ ನಿಂತವು.

"ಏನಂದಿ? ಹಲ್ಕಟ್ ರಂಡೆ, ಸೊಕ್ಕು ನೆತ್ತಿಗೇರೇದ ನಿನಗ. ನಾಳಿ ಈ ಗೇಟ್ ಹ್ಯಾಂಗ ದಾಟ್ತಿ ನೋಡ್ತೀನಿ. ಕೇರ‍್ಯಾಗಿಂದ ತಂದು ಕೂಡಿಸಿದಾಂವ ನಾನು!"

"ತಂದೀರಿ. ತಂದು ಒರಸಾಕ ಹಚ್ಚೀರಿ."

ಪ್ಯಾಕಿಂಗ್ ಕಡೆ ಯಾರೂ ನಗಲಿಲ್ಲ. ಭೀಮವ್ವ ಎದ್ದು ನಿಂತು, ಅಂಗೈ ಬಿಚ್ಚಿ, ರಿಮೋಟನ್ನು ಅವನ ಎದೆಯ ಮಟ್ಟಕ್ಕೆ ಹಿಡಿದಳು.

"ಬೇಕಾದ್ರ ನನ್ನ ಕೈಯಾಗಿಂದ ತಗೋರಿ."

ಮುರುಗೆಪ್ಪನ ಕೈ ಮುಂದೆ ಬಂತು. ಅರ್ಧಕ್ಕೆ ಬಂದು, ಅವಳ ಬೆರಳುಗಳ ಹತ್ತಿರ ಗಾಳಿಯಲ್ಲಿ ನಿಂತಿತು. ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಒಳಗಿನಿಂದ ನೀರು ಸುರಿಯುವ ಸದ್ದು ಕೇಳಿತು.

"ಸಾವಕಾಶ ಬಾರವ್ವಾ ರೇಣು," ಎಂದು ಭೀಮವ್ವ ಕೂಗಿ ಹೇಳಿದಳು. ಮುಷ್ಟಿ ಕಟ್ಟಿದಳು. ರಿಮೋಟು ಕಾಣದಾಯಿತು.

"ಕಡೀ ಸಲ ಹೇಳ್ತೀನಿ ಭೀಮೀ. ಅಲ್ಲಿ ಇಡು."

"ಇಡಂಗಿಲ್ಲ."