ನೆರೆಯವರ ಹೇಳಿಕೆ

ಭಾನುವಾರ ಅಮ್ಮನ ಜೊತೆ ಮಾತಾಡುವುದು ಬಿಟ್ಟರೆ, ಬೆಳಿಗ್ಗೆ ಐದಕ್ಕೆ ಚಪಾತಿ ಎಣಿಸುವಾಗ ಮಾತ್ರ ನೀಮಾಳ ಬಾಯಿಗೆ ಅವಳ ಊರಿನ ಭಾಷೆ ಬರುತ್ತಿತ್ತು. ಮೋಜ, ಎಂಬಿಲಿ, ತಾತು. ಒಂದು, ಎರಡು, ಮೂರು. ಉಳಿದ ಹೊತ್ತೆಲ್ಲ ಕನ್ನಡ. ಅದೂ ಅಂಕಮ್ಮನ ಜೊತೆ ಪಾತ್ರೆ ಉಜ್ಜುತ್ತಾ ಕಲಿತ ಕನ್ನಡ. ಸೊಪ್ಪಿನ ಗಾಡಿಯವನು ಅವಳನ್ನು ಕಂಡು ಇಂಗ್ಲಿಷಿನಲ್ಲಿ ರೇಟು ಹೇಳಿದರೆ, "ಯಾಕಣ್ಣ, ಮೆಂತ್ಯ ಇಂಗ್ಲೆಂಡಿಂದ ತಂದಿದೀಯಾ?" ಅನ್ನುತ್ತಿದ್ದಳು. ಅವನು ನಗುತ್ತಿದ್ದ. ಆಮೇಲೆ ಯಾವ ದೇಶ ಎಂದು ಕೇಳುತ್ತಿದ್ದ. ಒಂಬತ್ತು ವರ್ಷದಿಂದ ಎಲ್ಲರೂ ಅದನ್ನೇ ಕೇಳುತ್ತಿದ್ದರು.

ಬಿಳೇಕಹಳ್ಳಿಯಲ್ಲಿ ಬೈರಣ್ಣನ ಲೇಡೀಸ್ ಪಿ.ಜಿ.ಗೆ ನಾಲ್ಕು ಮಹಡಿ. ಅರವತ್ತೆರಡು ಹುಡುಗಿಯರು. ಒಬ್ಬೊಬ್ಬರಿಗೆ ಮೂರರಂತೆ ನೂರ ಎಂಬತ್ತಾರು ಚಪಾತಿ. ಆ ಜಾಗದಲ್ಲಿ ಒಂದು ಕಾಲಕ್ಕೆ ಬೈರಣ್ಣನ ಅಪ್ಪ ರಾಗಿ ಬೆಳೆಯುತ್ತಿದ್ದರು. ಈಗ ಪಿ.ಜಿ., ಅದರ ಪಕ್ಕ ಮಹಡಿಯ ಮೇಲೆ ಬೈರಣ್ಣನ ಮನೆ, ಹಿಂದೆ ತಗಡಿನ ಎರಡು ಶೆಡ್ಡು. ಒಂದು ಶೆಡ್ಡಿನಲ್ಲಿ ಪಾತ್ರೆ ತೊಳೆಯುವ ಅಂಕಮ್ಮ, ಇನ್ನೊಂದರಲ್ಲಿ ವಾಚ್‌ಮನ್ ವೆಂಕಟಸ್ವಾಮಿ. ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ನೀಮಾ. ಅವಳು ಬೈರಣ್ಣನ ಸೊಸೆ.

ಟಾಂಜಾನಿಯಾದ ಮೊರೊಗೊರೊ ಅವಳ ಊರು. ಎರಡು ಸಾವಿರದ ಹದಿನೈದರಲ್ಲಿ ಬಿ.ಸಿ.ಎ. ಓದಲು ಬಂದವಳು. ಬೈರಣ್ಣನ ಮಗ ರೇವಂತ್ ಅದೇ ಕ್ಲಾಸು. ಮೂರು ವರ್ಷದ ನಂತರ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ದಿನದ ನೋಟಿಸು ಹಾಕಿ ಇಬ್ಬರೂ ಮದುವೆಯಾದರು. ವಿದ್ಯಾರ್ಥಿ ವೀಸಾ ಮುಗಿದಿತ್ತು. ಅಲ್ಲಿಂದ ಅವಳು ಭಾರತದಲ್ಲಿ ಇರುವುದು ರೇವಂತನ ಹೆಂಡತಿಯಾಗಿ. ಪ್ರತಿ ನವೆಂಬರಿನಲ್ಲಿ ಒಂದು ವರ್ಷಕ್ಕೆ ಅರ್ಜಿ ಹಾಕಬೇಕು. ಅರ್ಜಿಯ ಜೊತೆ ಗಂಡನ ಪತ್ರ ಇರಬೇಕು, ಗಂಡ ಹೆಂಡತಿಯ ಹೊಸ ಫೋಟೋ ಇರಬೇಕು. ಆಮೇಲೆ ಠಾಣೆಯಿಂದ ಪೊಲೀಸರು ಬಂದು ಇಬ್ಬರು ನೆರೆಯವರ ಹೇಳಿಕೆ ಪಡೆಯುತ್ತಾರೆ.

ಆ ವೀಸಾದಲ್ಲಿ ಅನುಮತಿ ಇಲ್ಲದೆ ನೌಕರಿ ಮಾಡುವಂತಿಲ್ಲ. ಪಿ.ಜಿ. ಅಡುಗೆ ನೌಕರಿಯಲ್ಲ, ಮನೆಕೆಲಸ ಎಂದರು ಬೈರಣ್ಣ. ಸೊಸೆಗೆ ಎಂಥ ಸಂಬಳ ಎಂದೂ ಕೇಳಿದರು. ಅರವತ್ತೆರಡು ಜನರ ಮನೆ ಅದು.

ರೇವಂತ್ ಉತ್ತರಹಳ್ಳಿಯ ಅಪಾರ್ಟ್‌ಮೆಂಟಿಗೆ ಹೋಗಿ ಮೂರು ವರ್ಷವಾಗಿತ್ತು. ಅಲ್ಲಿ ಬೇರೆ ಹೆಂಗಸಿದ್ದಾಳೆಂದು ಮೊದಲು ತಿಳಿದದ್ದು ಪಿ.ಜಿ. ಹುಡುಗಿಯರಿಗೆ, ಕೊನೆಗೆ ನೀಮಾಳಿಗೆ. ನವೆಂಬರಿನಲ್ಲಿ ಅವನು ಒಂದು ಸಲ ಬರುತ್ತಿದ್ದ. ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ನಿಂತು ಅವಳ ಹೆಗಲ ಮೇಲೆ ಕೈ ಹಾಕುತ್ತಿದ್ದ. ಅತ್ತೆ ನಾರಾಯಣಮ್ಮ ಕೊಟ್ಟ ರೇಷ್ಮೆ ಸೀರೆಯುಟ್ಟು ನೀಮಾ ನಗುತ್ತಿದ್ದಳು. ವೆಂಕಟಸ್ವಾಮಿ ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಿದ್ದ. ರೇವಂತ್ ಪತ್ರಕ್ಕೆ ಸಹಿ ಹಾಕಿ ಹೋಗುತ್ತಿದ್ದ. ಸೀರೆ ಅತ್ತೆಯ ಬೀರುವಿಗೆ ವಾಪಸು. ವರ್ಷದಲ್ಲಿ ಆ ಹತ್ತು ನಿಮಿಷ ಅವಳಿಗೆ ಗಂಡನಿರುತ್ತಿದ್ದ. ಅವನ ಕೈ ಹೆಗಲಿನಿಂದ ಇಳಿದ ಮೇಲೂ ಆ ಜಾಗ ಸ್ವಲ್ಪ ಹೊತ್ತು ಬೆಚ್ಚಗಿರುತ್ತಿತ್ತು. ಅದಕ್ಕಾಗಿ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬರುತ್ತಿತ್ತು.

ಪೊಲೀಸರಿಗೆ ನೆರೆಯವರನ್ನು ಒದಗಿಸುವ ಕೆಲಸ ಬೈರಣ್ಣನದು. ಎದುರು ಮನೆಯವರನ್ನು ಕೇಳಲು ಅವರಿಗೆ ಮನಸ್ಸಿರಲಿಲ್ಲ. "ಬೀದಿಯವರ ಬಾಯಿಗೆ ಮನೆ ವಿಷಯ ಯಾಕೆ ಹಾಕ್ಬೇಕು?" ಅನ್ನುತ್ತಿದ್ದರು. ಶೆಡ್ಡಿನವರ ಆಧಾರ್ ಕಾರ್ಡಿನಲ್ಲಿ ಪಕ್ಕದ ವಿಳಾಸ ಹೇಗೂ ಇತ್ತು. ಅಂಕಮ್ಮ, ವೆಂಕಟಸ್ವಾಮಿ ಕೈ ಒರೆಸಿಕೊಂಡು ಬಂದು, "ಗಂಡ ಹೆಂಡ್ತಿ ಅನ್ಯೋನ್ಯವಾಗವ್ರೆ ಸಾರ್" ಎಂದು ಹೇಳಿ, ತೋರಿಸಿದ ಕಡೆ ಒಬ್ಬಳು ಹೆಬ್ಬೆಟ್ಟು ಒತ್ತುತ್ತಿದ್ದಳು, ಒಬ್ಬ ಸಹಿ ಹಾಕುತ್ತಿದ್ದ. ಆರು ವರ್ಷ ಹಾಗೆಯೇ ನಡೆಯಿತು.

ಈ ವರ್ಷ ವೀಸಾ ಮುಗಿಯುವುದು ನವೆಂಬರ್ ಇಪ್ಪತ್ತೇಳಕ್ಕೆ. ಒಂಬತ್ತನೇ ತಾರೀಕು ನಾರಾಯಣಮ್ಮ ಮನೆಗೆ ಕರೆದರು. ಹಾಲ್‌ನಲ್ಲಿ ತನ್ಮಯಿ ಟಿ.ವಿ. ನೋಡುತ್ತಿದ್ದಳು. ನೀಮಾಳ ಮಗಳು, ಐದು ವರ್ಷ. ಅಡುಗೆಮನೆಯ ಕೋಣೆ ತೇವ ಎಂದು ಮಗುವನ್ನು ಮೇಲೆ ಮಲಗಿಸಿಕೊಳ್ಳಲು ಶುರುಮಾಡಿದ್ದ ನಾರಾಯಣಮ್ಮ ಮತ್ತೆ ಕೆಳಗೆ ಕಳಿಸಿರಲಿಲ್ಲ. ನೀಮಾ ಒಮ್ಮೆ ಮಗುವಿಗೆ ತನ್ನ ಭಾಷೆಯಲ್ಲಿ ಜೋಗುಳ ಹೇಳಿದಾಗ, "ಆ ಭಾಷೆ ಮಗೂಗೆ ಬೇಡ, ನಾಲಿಗೆ ಕೆಡ್ತದೆ" ಎಂದಿದ್ದರು.

ನಾರಾಯಣಮ್ಮ ಬಿಸ್ಕತ್ತಿನ ತಟ್ಟೆ ಮುಂದಿಟ್ಟರು. ನೀಮಾಳಿಗೆ ಆಗಲೇ ಭಯವಾಯಿತು. ಆ ಮನೆಯಲ್ಲಿ ಅವಳಿಗೆ ಯಾರೂ ತಟ್ಟೆ ಇಟ್ಟವರಲ್ಲ.

"ನಿನ್ನ ನಾದಿನಿ ಶ್ವೇತನ್ನ ನೋಡಿದೀಯಲ್ಲ. ಮದ್ವೆಯಾಗಿ ಹತ್ತು ವರ್ಷ, ಮಡಿಲು ತುಂಬ್ಲಿಲ್ಲ. ತನ್ಮಯಿ ಅವಳ ಹತ್ರ ಇರ್ಲಿ ಅಂತ ಎಲ್ರೂ ಮಾತಾಡಿದೀವಿ. ಜೆ.ಪಿ. ನಗರ ಏನು ದೂರ?"

"ರಜಾಕ್ಕಾ ಅತ್ತೆ?"

ಬೈರಣ್ಣ ಒಂದು ಸ್ಟಾಂಪ್ ಪೇಪರನ್ನು ಅವಳತ್ತ ಜರುಗಿಸಿದರು. "ಕೊನೇಲಿ ಒಂದು ಸೈನ್ ಹಾಕು."

ಅವಳು ಹಾಕಲಿಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಾ ಓದಿದಳು. ಮಗು ಶ್ವೇತಾಳ ಮನೆಯಲ್ಲಿ ಬೆಳೆಯಲು ತನ್ನ ಒಪ್ಪಿಗೆ ಇದೆ. ಮುಂದೆ ಮಗುವಿನ ಮೇಲೆ ತನಗೆ ಯಾವುದೇ ಹಕ್ಕು ಇರುವುದಿಲ್ಲ.

"ನಿಂಗೆ ಓದೋಕೆ ಬರ್ತದಾ?" ಎಂದರು ನಾರಾಯಣಮ್ಮ.

"ತನ್ಮಯಿ ಎಲ್‌ಕೆಜಿಲಿ ಕಲಿತಾಗ ಕಲ್ತೆ. ಅವಳ ಸ್ಲೇಟಲ್ಲೇ."

ಬೈರಣ್ಣ ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಸುತ್ತಿ ಬಳಸಿ ಮಾತು ನಂಗೆ ಬರಲ್ಲ. ರೇವಂತನ ಲೆಟರ್ ಟೈಪಾಗಿ ರೆಡಿ ಐತೆ. ನೀನು ಇದಕ್ಕೆ ಸೈನ್ ಹಾಕು, ಅವನು ಅದಕ್ಕೆ ಹಾಕ್ತಾನೆ."

"ಹಾಕ್ದೆ ಇದ್ರೆ ಮಾವ?"

"ಇಪ್ಪತ್ತೇಳು ಕಳೆದ್ಮೇಲೆ ನಾನೇನೂ ಹೇಳಲ್ಲ. ಗೌರ್ಮೆಂಟ್ ಹೇಳ್ತದೆ. ಮಗು ಇಂಡಿಯನ್ನು. ನೀನಲ್ಲ."

ಟಿ.ವಿ.ಯಲ್ಲಿ ಬೆಕ್ಕೊಂದು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ತನ್ಮಯಿ ತಿರುಗಿ, "ಅಮ್ಮ, ಬಿಸ್ಕತ್ ತಿನ್ನಲ್ವಾ? ನಂಗೆ ಕೊಡು" ಎಂದಳು. ನೀಮಾ ತಟ್ಟೆಯನ್ನು ಮಗುವಿನ ಮಡಿಲಿಗಿಟ್ಟು ಕೆಳಗಿಳಿದಳು.

ಮಾರನೇ ದಿನ ಭಾನುವಾರ. ಭಾನುವಾರ ಅವಳು ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಅಮ್ಮ ಮಗುವನ್ನು ತೋರಿಸು ಎಂದಳು. ಮಲಗಿದ್ದಾಳೆ ಎಂದಳು ನೀಮಾ. ಅಲ್ಲಿ ಮಾವಿನ ಮರದ ಕೆಳಗೆ ಬಿಸಿಲಿತ್ತು, ಅಮ್ಮನ ಹಿಂದೆ ಯಾರೋ ನಗುತ್ತಿದ್ದರು. ಫೋನ್ ಇಟ್ಟ ಮೇಲೆ ಕೋಣೆಯಲ್ಲಿ ಫ್ರಿಜ್ಜಿನ ಸದ್ದೊಂದೇ ಉಳಿಯಿತು. ಟಿಕೆಟ್ ಕೊಂಡರೆ ಆ ಮರದ ಕೆಳಗೆ ಹೋಗಿ ಕೂರಬಹುದು. ಯಾರೂ ಯಾವ ದೇಶ ಎಂದು ಕೇಳುವುದಿಲ್ಲ. ಆದರೆ ಒಬ್ಬಳೇ ಹೋಗಬೇಕು.

ಸೋಮವಾರ ಅಕ್ಕಿ ಆರಿಸುತ್ತಾ ಅಂಕಮ್ಮನಿಗೆ ಹೇಳಿದಳು. ಅಂಕಮ್ಮ ಮೊರವನ್ನು ಪಕ್ಕಕ್ಕಿಟ್ಟಳು.

"ನಾನು ಮೂರು ಸಲ ಸುಳ್ಳು ಹೇಳಿದೀನಿ ಕಣವ್ವ" ಎಂದಳು. "ನಿಂಗೆ ಒಳ್ಳೇದಾಗ್ಲಿ ಅಂತ್ಲೇ ಹೇಳ್ದೆ. ಈಗ ನೋಡಿದ್ರೆ ಅವ್ರ ಹಗ್ಗಕ್ಕೆ ನಾನೇ ಗಂಟು ಹಾಕ್ಕೊಟ್ಟಂಗಾಯ್ತು."

"ನಿಜ ಹೇಳಿದ್ರೂ ಕಷ್ಟ ಅಂಕಮ್ಮ. ಗಂಡ ಜೊತೆಗಿಲ್ಲ ಅಂದ್ರೆ ವೀಸಾ ಯಾಕೆ ಕೊಡ್ತಾರೆ?"

"ಸುಳ್ಳು ಹೇಳಿದ್ರೆ ಮಗು ಹೋಯ್ತದೆ. ನಿಜ ಹೇಳಿದ್ರೆ ನೀನು ಹೋದ್ರೂ ಹೋದೆ. ಯಾವುದು ಗ್ಯಾರಂಟಿ?"

"ಸುಳ್ಳೇ."

"ಮತ್ತೆ? ಗ್ಯಾರಂಟಿಯಾಗಿ ಹಾಳಾಗೋಕೆ ಅಷ್ಟು ಅರ್ಜೆಂಟಾ ನಿಂಗೆ?"

ಬನ್ನೇರುಘಟ್ಟ ರಸ್ತೆಯ ಪ್ರಸನ್ನನ ಜೆರಾಕ್ಸ್ ಅಂಗಡಿಯಲ್ಲೇ ಪ್ರತಿ ವರ್ಷ ಅರ್ಜಿ ತುಂಬಿಸುತ್ತಿದ್ದುದು. ಪಾಸ್‌ಪೋರ್ಟ್ ಅತ್ತೆಯ ಬೀರುವಿನಲ್ಲಿದ್ದರೂ ಅದರ ಸ್ಕ್ಯಾನು, ಮದುವೆ ಸರ್ಟಿಫಿಕೇಟು, ಎಲ್ಲ ಅವನ ಕಂಪ್ಯೂಟರಿನಲ್ಲಿದ್ದವು. ಆರು ವರ್ಷದ ಆರು ಫೋಟೋಗಳೂ ಇದ್ದವು. ಅವನು ಒಂದೊಂದಾಗಿ ತೆರೆದಾಗ ನೀಮಾ ನೋಡಿದಳು. ಟ್ಯಾಂಕು ಅದೇ, ಸೀರೆ ಅದೇ. ರೇವಂತ್ ಮಾತ್ರ ವರ್ಷ ವರ್ಷಕ್ಕೆ ಸ್ವಲ್ಪ ದೂರ ದೂರ ನಿಂತಿದ್ದ.

"ಈ ವರ್ಷದ ಫೋಟೋ?"

"ಇಲ್ಲ. ನಂದೊಂದೇ ಹಾಕಿ."

"ಸಾರ್ ಲೆಟರ್?"

"ಅದೂ ಇಲ್ಲ."

"ಆ ಕಾಲಮ್ ಖಾಲಿ ಬಿಟ್ರೆ ಫಾರ್ಮ್ ಮುಂದಕ್ಕೆ ಹೋಗಲ್ಲ ಮೇಡಂ. ಏನಾದ್ರೂ ಒಂದು ಪಿಡಿಎಫ್ ಬೇಕೇ ಬೇಕು."

"ಎದ್ದೇಳಿ. ನಾನು ಟೈಪ್ ಮಾಡ್ತೀನಿ."

ಬಿ.ಸಿ.ಎ. ಮುಗಿಸಿದ ಮೇಲೆ ಅವಳು ಕೀಬೋರ್ಡಿನ ಮುಂದೆ ಕೂತದ್ದು ಅದೇ ಮೊದಲು. ಇಂಗ್ಲಿಷಿನಲ್ಲಿ ಬರೆದಳು. ಬರೆದದ್ದು ಇಷ್ಟು: "ಇಲ್ಲಿ ನನ್ನ ಗಂಡನ ಪತ್ರ ಇರಬೇಕಿತ್ತು. ಪತ್ರ ಸಿದ್ಧವಾಗಿದೆ. ಅದಕ್ಕೆ ಬದಲಾಗಿ ನನ್ನ ಮಗಳನ್ನು ಕೇಳಿದ್ದಾರೆ. ನಾನು ಕೊಡಲಿಲ್ಲ. ಆದ್ದರಿಂದ ಪತ್ರ ಇಲ್ಲ. ಗಂಡ ಮೂರು ವರ್ಷದಿಂದ ನನ್ನ ಜೊತೆ ಇಲ್ಲ. ಮಗಳು ಇಲ್ಲಿದ್ದಾಳೆ. ಅವಳ ಜೊತೆ ಇರಲು ಅನುಮತಿ ಕೊಡಿ."

ಪ್ರಸನ್ನ ಓದಿ, ಅಪ್‌ಲೋಡ್ ಮಾಡಿದ.

ಹತ್ತು ದಿನ ಏನೂ ಆಗಲಿಲ್ಲ. ಬೈರಣ್ಣ ಸ್ಟಾಂಪ್ ಪೇಪರಿನ ಸುದ್ದಿ ಎತ್ತಲಿಲ್ಲ. ದಿನ ಕಳೆದ ಹಾಗೆ ತಾನೇ ಮೆಟ್ಟಿಲು ಹತ್ತಿ ಬರುತ್ತಾಳೆ ಎಂಬ ನಂಬಿಕೆ ಅವರಿಗಿತ್ತು. ಇಪ್ಪತ್ತೊಂದಕ್ಕೆ, ಬೆಳಗಿನ ತಿಂಡಿಯ ಗಲಾಟೆ ಮುಗಿದ ಮೇಲೆ, ಠಾಣೆಯ ಮರೆಪ್ಪ ಬೈಕು ನಿಲ್ಲಿಸಿ ಗೇಟಿನಲ್ಲಿ ಕೂಗಿದರು. ಹೋದ ವರ್ಷ ಬಂದಿದ್ದ ಕಾನ್‌ಸ್ಟೇಬಲ್ಲೇ.

ಬೈರಣ್ಣ ಲುಂಗಿ ಸರಿಮಾಡಿಕೊಳ್ಳುತ್ತಾ ಬಂದರು. "ಏನ್ ಸಾರ್, ಇಷ್ಟು ದೂರ?"

"ಸೊಸೆ ಅರ್ಜಿ ಹಾಕಿದಾರಲ್ಲ ಸಾರ್. ವೆರಿಫಿಕೇಶನ್."

ಬೈರಣ್ಣ ನೀಮಾಳ ಕಡೆ ನೋಡಿದರು. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೌಟು ಹಾಗೇ ಇತ್ತು.

"ಅದು ಸರಿಯಿಲ್ಲ ಸಾರ್, ಆ ಅರ್ಜಿ. ಮಗ ಲೆಟರ್ ಕೊಟ್ಟಿಲ್ಲ. ಇವರಿಬ್ಬರಿಗೂ ಸಂಬಂಧಾನೇ ಇಲ್ಲ. ಹಂಗೇ ಬರ್ಕೊಂಡು ಮುಗಿಸ್ಬಿಡಿ. ಕಾಫಿ ಕುಡೀತೀರಾ?"

"ಕಾಫಿ ಆಮೇಲೆ. ಪಾಸ್‌ಪೋರ್ಟ್ ಒರಿಜಿನಲ್ ತೋರಿಸಿ ಮೇಡಂ."

"ನನ್ನತ್ರ ಇಲ್ಲ ಸಾರ್. ಅತ್ತೆ ಬೀರುಲಿ ಐತೆ."

ಮರೆಪ್ಪ ಬರೆಯುವುದನ್ನು ನಿಲ್ಲಿಸಿದರು. "ಬೀರುಲಿ ಯಾಕೆ?"

ನಾರಾಯಣಮ್ಮ ಒಳಗೆ ಹೋಗಿ ಬರಲು ಹತ್ತು ನಿಮಿಷ ಹಿಡಿಯಿತು. ಮರೆಪ್ಪ ಪುಟ ತಿರುವಿ, ನಂಬರು ಗುರುತು ಹಾಕಿಕೊಂಡು, ಪಾಸ್‌ಪೋರ್ಟನ್ನು ವಾಪಸು ಚಾಚಿದರು. ನಾರಾಯಣಮ್ಮನ ಕೈ ಮುಂದೆ ಬಂತು. ಮರೆಪ್ಪನ ಕೈ ಅವರನ್ನು ದಾಟಿ ನೀಮಾಳ ಕಡೆ ಹೋಯಿತು. "ನಿಮ್ದು ನಿಮ್ಮತ್ರ ಇಟ್ಕೊಳ್ಳಿ ಮೇಡಂ." ಅವಳು ಅದನ್ನು ಹಿಟ್ಟಾದ ಕೈಯಲ್ಲೇ ಹಿಡಿದುಕೊಂಡಳು.

"ಈಗ ನೆರೆಯವರು ಇಬ್ಬರು ಬೇಕು."

"ಎದುರುಮನೆಯವರನ್ನ ಕರೆಸ್ತೀನಿ" ಎಂದರು ಬೈರಣ್ಣ.

"ಯಾಕೆ ಸಾರ್, ನಾವಿದೀವಲ್ಲ" ಎಂದಳು ಅಂಕಮ್ಮ ಮರೆಪ್ಪನಿಗೆ. ಅವಳ ಹಿಂದೆ ವೆಂಕಟಸ್ವಾಮಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ.

"ಅವ್ರು ಕೆಲಸದವರು ಸಾರ್. ಅವ್ರ ಮಾತೇನು ತಗೋತೀರಿ?"

ಮರೆಪ್ಪ ಫೈಲಿನ ಹಳೆಯ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. "ಹೋದ ವರ್ಷ ನೀವೇ ಕರ್ಕೊಂಡು ಬಂದಿದ್ರಿ. ಅದರ ಹಿಂದಿನ ವರ್ಷಾನೂ ಇವರೇ. ಆರು ವರ್ಷದಿಂದ ಈ ಫೈಲಲ್ಲಿ ಇವರೇ ನೆರೆಯವರು. ಅಲ್ಲ ಅಂತೀರಾ? ಅಲ್ಲ ಅಂದ್ರೆ ಅದನ್ನೂ ಬರ್ಕೋಬೇಕಾಗ್ತದೆ."

ಮರೆಪ್ಪ ಅಂಕಮ್ಮನ ಕಡೆ ತಿರುಗಿದರು.

"ಹೇಳಮ್ಮ. ಗಂಡ ಹೆಂಡತಿ ಒಟ್ಟಿಗಿದಾರಾ?"

"ಇಲ್ಲ ಸಾರ್. ಮೂರು ವರ್ಷ ಆಯ್ತು. ಫೋಟೋಗೆ ಬತ್ತಾನೆ, ಓಯ್ತಾನೆ. ಈ ಹುಡುಗಿ ಎಲ್ಲೂ ಹೋಗಿಲ್ಲ. ಬೆಳಗಿನ ಜಾವ ಎದ್ದು ಅರವತ್ತೆರಡು ಜನಕ್ಕೆ ಬೇಯಿಸ್ತಾಳೆ. ಒಂದು ರೂಪಾಯಿ ಕೈಗೆ ಕೊಟ್ಟಿದ್ದು ನಾನು ನೋಡಿಲ್ಲ. ಈಗ ಮಗು ಬರ್ಕೊಡು, ಇಲ್ದಿದ್ರೆ ದೇಶ ಬಿಡು ಅಂತವ್ರೆ."

"ಹೋದ ವರ್ಷ ಅನ್ಯೋನ್ಯ ಅಂತ ಹೇಳಿದೀಯ. ಸುಳ್ಳಾ ಅದು?"

"ಸುಳ್ಳೇ ಸಾರ್. ಅದನ್ನೂ ಬರ್ಕೊಳ್ಳಿ. ಯಾರು ಹೇಳ್ಸಿದ್ದು ಅಂತ್ಲೂ ಬರ್ಕೊಳ್ಳಿ."

ಮರೆಪ್ಪ ಅವಳ ಮುಖವನ್ನೊಮ್ಮೆ ನೋಡಿದರು. ಬರೆದುಕೊಂಡರು. ಓದಿ ಹೇಳಿದರು. ಅಂಕಮ್ಮ ಹೆಬ್ಬೆಟ್ಟು ಒತ್ತಿದಳು. ವೆಂಕಟಸ್ವಾಮಿ, "ಫೋಟೋ ಹೊಡೀತಿದ್ದೋನು ನಾನೇ ಸಾರ್" ಎಂದು ಸಹಿ ಹಾಕಿದ.

"ನಾನು ಕಂಡಿದ್ದು, ಕೇಳಿದ್ದು ಕಳಿಸ್ತೀನಿ ಮೇಡಂ" ಎಂದರು ಮರೆಪ್ಪ ಹೊರಡುವಾಗ. "ಕೊಡೋದು ಬಿಡೋದು ಮೇಲಿನವರದ್ದು."

ಬೈಕಿನ ಸದ್ದು ಮರೆಯಾಗುವವರೆಗೆ ಬೈರಣ್ಣ ಕಾದರು.

"ಸಂಜೆಯೊಳಗೆ ಎರಡೂ ಶೆಡ್ ಖಾಲಿ ಆಗ್ಬೇಕು."

ಅಂಕಮ್ಮ ಅವರನ್ನು ಹುಟ್ಟಿದಾಗಿನಿಂದ ಒಡೆಯರಿಗೆ ಹೇಳುವಂತೆ ಬುದ್ಧಿ ಎಂದೇ ಕರೆದವಳು. ಅವಳ ಅಪ್ಪನೂ ಅದೇ ಹೊಲದಲ್ಲಿ ನಿಂತು ಹಾಗೇ ಕರೆದವನು.

"ಆಗಲ್ಲ ಬೈರಣ್ಣೋರೆ" ಎಂದಳು. "ನಮ್ಮ ಅಡ್ರೆಸ್ಸು ಪೊಲೀಸ್ ಫೈಲಲ್ಲಿ ಐತೆ. ಅವ್ರು ಇನ್ನೊಂದ್ಸಲ ಕೇಳ್ಕೊಂಡು ಬಂದ್ರೆ ನೆರೆಯವರು ಎಲ್ಲಿ ಅಂತ ನಿಮ್ಮನ್ನೇ ಕೇಳ್ತಾರೆ."

ಅಂದು ಮಧ್ಯಾಹ್ನ ನೀಮಾ ಮೇಲಿನ ಮನೆಗೆ ಹೋಗಿ ತನ್ಮಯಿಯ ಹಾಸಿಗೆ ಸುತ್ತಿಕೊಂಡು ಬಂದಳು. ಕೇಳಲಿಲ್ಲ. ತಡೆಯಲು ಬಂದ ನಾರಾಯಣಮ್ಮ ಅವಳ ಕುಪ್ಪಸದಿಂದ ಹೊರಗಿಣುಕುತ್ತಿದ್ದ ಪಾಸ್‌ಪೋರ್ಟನ್ನು ಕಂಡು ಬಾಗಿಲಲ್ಲೇ ನಿಂತರು.

ಇಪ್ಪತ್ತೇಳು ಬಂತು, ಹೋಯಿತು. ಪ್ರಸನ್ನನ ಅಂಗಡಿಯ ಪರದೆಯ ಮೇಲೆ ಅರ್ಜಿ ಪರಿಶೀಲನೆಯಲ್ಲಿದೆ ಎಂದೇ ಇತ್ತು. ಡಿಸೆಂಬರಿನ ಮೊದಲ ವಾರವೂ ಅದೇ ಇತ್ತು. ನೀಮಾ ಕೆಲಸದ ನಡುವೆ ಹೋಗಿ ನೋಡಿ ಬರುತ್ತಿದ್ದಳು.

ಒಂದು ಬೆಳಿಗ್ಗೆ ಐದು ಗಂಟೆಗೆ ಒಲೆಯ ಬಿಸಿಗೆ ತನ್ಮಯಿ ಎದ್ದು ಬಂದು, ಹಿಟ್ಟಿನ ಡಬ್ಬದ ಮೇಲೆ ಕೂತಳು. ಅಮ್ಮನ ತುಟಿಯನ್ನೇ ನೋಡುತ್ತಿದ್ದಳು.

"ಅದೇನಮ್ಮ ಹೇಳ್ತಿರೋದು?"

ನೀಮಾ ಒಂದು ಚಪಾತಿ ಎತ್ತಿಟ್ಟಳು. "ಮೋಜ."

"ಮೋಜ."

"ಎಂಬಿಲಿ."

"ಎಂಬಿಲಿ."

ಮೇಲಿನ ಮನೆಯ ಕಿಟಕಿ ತೆರೆದ ಸದ್ದಾಯಿತು. "ತನ್ಮಯಿ, ಅಲ್ಲೇನು ಮಾಡ್ತಿದೀಯ? ಮೇಲೆ ಬಾ."

ಮಗು ಕತ್ತೆತ್ತಿ ಕೂಗಿತು. "ಇರಜ್ಜಿ, ಎಣಿಸ್ತಾ ಇದೀನಿ. ಇನ್ನೂ ತುಂಬಾ ಇದಾವೆ."